ಗೆದ್ದ ಮೇಲಿನ ಕೇಸು

ಭಾವನ ಮನೆಯ ಬೀರುವಿನಲ್ಲಿ, ಅಕ್ಕನ ಧಾರೆ ಸೀರೆಯ ಕೆಳಗೆ, ಒಂದು ಕಡತವಿದೆ. ಅದಕ್ಕೆ ಹಸಿರು ಟ್ಯಾಗು, ಮೇಲೆ ಅವರದೇ ದುಂಡನೆಯ ಅಕ್ಷರದಲ್ಲಿ ಕೇಸಿನ ನಂಬರು. ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ಒಂದು ಸರ್ಕಾರಿ ಮಂಡಳಿಯಲ್ಲಿ ಬೆರಳಚ್ಚುಗಾರರಾಗಿದ್ದವರು. ಯಾವ ಮಂಡಳಿ ಎನ್ನುವುದು ಇಲ್ಲಿ ಬೇಡ. ತಮಗಿಂತ ತಡವಾಗಿ ಸೇರಿದವರಿಗೆ ಬಡ್ತಿ ಸಿಕ್ಕಿ ತಮ್ಮ ಹೆಸರು ಬಿಟ್ಟುಹೋದಾಗ ಹೈಕೋರ್ಟಿಗೆ ಹೋದರು. ಐದು ವರ್ಷ ಓಡಾಡಿ ಗೆದ್ದರು. ಆದೇಶದ ಪ್ರಮಾಣಿತ ನಕಲು ಕೈಗೆ ಬಂದ ದಿನ ಅಕ್ಕ ಅಕ್ಕಪಕ್ಕದ ಮನೆಗೆಲ್ಲ ಮೈಸೂರುಪಾಕು ಹಂಚಿದಳು. ಮೂರು ತಿಂಗಳೊಳಗೆ ಬಡ್ತಿಯ ವಿಷಯ ಇತ್ಯರ್ಥ ಮಾಡಬೇಕೆಂದು ಆದೇಶದಲ್ಲಿ ಬರೆದಿತ್ತು. ಮೂರು ತಿಂಗಳು ಹೋಯಿತು, ಆರು ಹೋಯಿತು. "ಸಾಹೇಬರು ಮಾಡ್ತೀನಿ ಅಂದಿದ್ದಾರೆ ಕಣೋ, ನಾವೇ ಆತುರ ಬಿದ್ದರೆ ಚೆನ್ನಾಗಿರಲ್ಲ" ಎನ್ನುತ್ತಿದ್ದರು ಭಾವ. ಹತ್ತು ತಿಂಗಳಾದ ಮೇಲೆ ವಕೀಲರೇ ಫೋನು ಮಾಡಿ ಬೈದರು: "ಗಡುವು ಮುಗಿದ ದಿನದಿಂದ ಒಂದು ವರ್ಷ ಅಷ್ಟೇ ಸ್ವಾಮಿ ಟೈಮು. ಕಂಟೆಂಪ್ಟ್ ಹಾಕೋದಾದ್ರೆ ಈಗಲೇ ಹಾಕಿ."

ಹಾಗೆ ಶುರುವಾಯಿತು ಗೆದ್ದ ಮೇಲಿನ ಕೇಸು.

'ನ್ಯಾಯಾಂಗ ನಿಂದನೆ' ಎಂಬ ನಮ್ಮ ಕನ್ನಡದ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ನಿಂದನೆ ಎಂದ ಕೂಡಲೇ ಯಾರೋ ನ್ಯಾಯಾಧೀಶರನ್ನು ಬೈದರು, ಚಪ್ಪಲಿ ಎಸೆದರು, ಪತ್ರಿಕೆಯಲ್ಲಿ ಕೆಟ್ಟದಾಗಿ ಬರೆದರು ಎಂದೇ ಮನಸ್ಸಿಗೆ ಬರುವುದು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಇರುವುದು ಎರಡು ಬಗೆ. ಬೈಗುಳ, ಅಡ್ಡಿ, ಅಪಪ್ರಚಾರ ಇವೆಲ್ಲ ಕ್ರಿಮಿನಲ್ ನಿಂದನೆ. ಕೋರ್ಟಿನ ಆದೇಶವನ್ನು ಬೇಕೆಂದೇ ಪಾಲಿಸದೆ ಇರುವುದು ಸಿವಿಲ್ ನಿಂದನೆ. ಈ ಎರಡನೆಯದರಲ್ಲಿ ಒಂದು ಕೆಟ್ಟ ಮಾತೂ ಇರಬೇಕಿಲ್ಲ. 'ಘನ ನ್ಯಾಯಾಲಯದ ಆದೇಶಕ್ಕೆ ಅತ್ಯಂತ ಗೌರವವಿದೆ' ಎಂದು ಪ್ರಮಾಣಪತ್ರದಲ್ಲಿ ಬರೆಯುತ್ತಲೇ ವರ್ಷಗಟ್ಟಲೆ ನಿಂದಿಸಬಹುದು. ಸರ್ಕಾರಿ ನೌಕರಿಯ ಜಗಳಗಳಲ್ಲಿ ನಡೆಯುವುದೆಲ್ಲ ಬಹುಮಟ್ಟಿಗೆ ಇಂಥ ವಿನಯದ ನಿಂದನೆ.

ಬೆಂಗಳೂರಿನಲ್ಲಿ ಹೈಕೋರ್ಟು ಕೂರುವುದು ಅಠಾರಾ ಕಚೇರಿಯಲ್ಲಿ. ಹೆಸರೇ ಹೇಳುವಂತೆ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದು ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ. ಈಗ ಇಲಾಖೆಗಳು ಎದುರಿನ ವಿಧಾನಸೌಧದಲ್ಲೂ ಅದರ ಪಕ್ಕದ ಬಹುಮಹಡಿ ಕಟ್ಟಡದಲ್ಲೂ ಇವೆ. ನಡುವೆ ಇರುವುದು ಅಂಬೇಡ್ಕರ್ ವೀಧಿ ಒಂದೇ. ಸಿಗ್ನಲ್ ಬಿಟ್ಟರೆ ನಡೆದು ದಾಟಲು ಎರಡು ನಿಮಿಷ ಸಾಕು. ಆದೇಶಕ್ಕೆ ಮಾತ್ರ ಈ ರಸ್ತೆ ದಾಟಲು ವರ್ಷಗಳೇ ಬೇಕಾಗುತ್ತವೆ.

ದಾಟಿದ ಮೇಲೆ ಅದರ ಗತಿ ಏನಾಗುತ್ತದೆ ಎಂದು ಕಚೇರಿಯ ಒಳಗಿದ್ದವರನ್ನು ಕೇಳಬೇಕು. ಆದೇಶದ ಪ್ರತಿ ಮೊದಲು ಟಪ್ಪಾಲಿಗೆ ಬೀಳುತ್ತದೆ, ಮೊಹರು ಒತ್ತಿಸಿಕೊಳ್ಳುತ್ತದೆ, ವಿಷಯ ನಿರ್ವಾಹಕರ ಮೇಜಿಗೆ ಬರುತ್ತದೆ. ಅವರು ಟಿಪ್ಪಣಿ ಹಾಳೆಯಲ್ಲಿ 'ಮಂಡಿಸಿದೆ' ಎಂದು ಬರೆದು ಮೇಲಕ್ಕೆ ಕಳಿಸುತ್ತಾರೆ. ಮೇಲಿನವರು 'ಕಾನೂನು ಅಭಿಪ್ರಾಯ ಪಡೆಯಿರಿ' ಎನ್ನುತ್ತಾರೆ. ಮೇಲ್ಮನವಿಗೆ ಯೋಗ್ಯವೇ ಅಲ್ಲವೇ ಎಂದು ಸರ್ಕಾರಿ ವಕೀಲರ ಅಭಿಪ್ರಾಯ ಬರಬೇಕು. ಹಣದ ಮಾತಿದ್ದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು, ಸೇವಾ ನಿಯಮದ ಮಾತಿದ್ದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯದ್ದು. ಆರ್ಥಿಕ ಇಲಾಖೆ ಒಂದು ಸ್ಪಷ್ಟೀಕರಣ ಕೇಳಿ ಕಡತ ವಾಪಸು ಕಳಿಸುತ್ತದೆ. ಅಷ್ಟರಲ್ಲಿ ಕಾರ್ಯದರ್ಶಿಗೆ ವರ್ಗವಾಗಿರುತ್ತದೆ. ಈ ಸರಪಳಿಯಲ್ಲಿ ಯಾರೂ 'ಕೋರ್ಟಿನ ಮಾತು ಕೇಳಬೇಡಿ' ಎಂದು ಬರೆದಿರುವುದಿಲ್ಲ. ಎಲ್ಲರೂ ತಮ್ಮ ಪಾಲಿನ ಕೆಲಸ ಮಾಡಿರುತ್ತಾರೆ. ಕಾಯ್ದೆ ಕೇಳುವುದು 'ಉದ್ದೇಶಪೂರ್ವಕ' ಅವಿಧೇಯತೆ. ಹತ್ತು ಮೇಜಿಗೆ ಹಂಚಿಹೋದ ವಿಳಂಬದಲ್ಲಿ ಆ ಉದ್ದೇಶ ಯಾರದೆಂದು ಹಿಡಿಯುವುದು ಹೇಗೆ?

ಆದ್ದರಿಂದಲೇ ನಿಂದನಾ ಅರ್ಜಿಗಳಲ್ಲಿ ಹುದ್ದೆಯ ಜೊತೆಗೆ ಅಧಿಕಾರಿಯ ಹೆಸರನ್ನೂ ಬರೆಯುತ್ತಾರೆ. ಕರ್ನಾಟಕ ಹೈಕೋರ್ಟಿನಲ್ಲಿ ಇವಕ್ಕೆ 'ಸಿಸಿಸಿ' ಎಂದು ಕರೆಯುವ ರೂಢಿ. ರಿಟ್ ಅರ್ಜಿಯಲ್ಲಿ ಅರ್ಜಿದಾರ, ಪ್ರತಿವಾದಿ ಎಂದಿದ್ದವರು ಇಲ್ಲಿ ದೂರುದಾರ, ಆರೋಪಿ ಆಗುತ್ತಾರೆ. ಏಕಸದಸ್ಯ ಪೀಠ ಕೊಟ್ಟ ಆದೇಶವಾದರೂ ಸಿಸಿಸಿ ಬರುವುದು ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ. ಜೀವನವಿಡೀ 'ಗೌರವಾನ್ವಿತ' ಎನ್ನಿಸಿಕೊಂಡ ಅಧಿಕಾರಿಗೆ ತಮ್ಮ ಹೆಸರಿನ ಮುಂದೆ 'ಆರೋಪಿ 1' ಎಂದು ಅಚ್ಚಾಗಿರುವುದನ್ನು ನೋಡಿದಾಗ ಏನಾಗುತ್ತದೋ ಅದೇ ಈ ಕಾನೂನಿನ ನಿಜವಾದ ಬಲ ಎಂದು ನನ್ನ ಅನಿಸಿಕೆ. ಸೆಕ್ಷನ್ 12 ಹೇಳುವ ಆರು ತಿಂಗಳ ಸಾದಾ ಸಜೆ ಬಲು ಅಪರೂಪ. ಇನ್ನು ದಂಡವೋ, ಎರಡು ಸಾವಿರ ರೂಪಾಯಿಯ ಮಿತಿ. 1971ರಲ್ಲಿ ಅದು ದೊಡ್ಡ ಮೊತ್ತವೇ ಇದ್ದಿರಬೇಕು. ಇವತ್ತು ಬೆಂಗಳೂರಿನಲ್ಲಿ ಒಂದು ಕುಟುಂಬ ಭಾನುವಾರ ಹೋಟೆಲಿಗೆ ಹೋಗಿ ಬಂದರೆ ಮುಗಿಯುವ ಹಣ. ಅದಕ್ಕೂ ಮೊದಲು ಬೇಷರತ್ ಕ್ಷಮೆ ಕೇಳುವ ದಾರಿ ಇದೆ. ಕ್ಷಮೆ ಪ್ರಾಮಾಣಿಕ ಎನ್ನಿಸಿದರೆ ಕೋರ್ಟು ಶಿಕ್ಷೆಯನ್ನೇ ಬಿಟ್ಟುಬಿಡಬಹುದು.

ಶಿಕ್ಷೆ ಆಗಿದ್ದೂ ಇದೆ, ಅದೂ ನಮ್ಮಲ್ಲೇ. ಬೆಂಗಳೂರು ಮಹಾನಗರ ಪಾಲಿಕೆಯ ಎಂಜಿನಿಯರೊಬ್ಬರ ಬಡ್ತಿಯ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಅವರ ಪರವಾಗಿ ತೀರ್ಮಾನವಾಗಿತ್ತು. ಆದೇಶ ಜಾರಿಯಾಗದೆ ನಿಂದನಾ ಅರ್ಜಿ ಬಂತು. ಆಗ ಸರ್ಕಾರದ ಕಡೆಯವರು ಮತ್ತೆ ಸೇವಾ ನಿಯಮದ ಪುಸ್ತಕ ತೆರೆದು, ಆತನಿಗೆ ಅರ್ಹತೆಯೇ ಇಲ್ಲ ಎಂಬ ಹಳೆಯ ವಾದಕ್ಕೆ ಕೈಹಾಕಿದರು. 1995ರಲ್ಲಿ ನ್ಯಾಯಮೂರ್ತಿ ಕೆ. ರಾಮಸ್ವಾಮಿ ಮತ್ತು ನ್ಯಾಯಮೂರ್ತಿ ಬಿ.ಎಲ್. ಹನ್ಸಾರಿಯಾ ಅವರ ಪೀಠ ಇದನ್ನು ಸುತರಾಂ ಒಪ್ಪಲಿಲ್ಲ. ಅಂತಿಮವಾದ ತೀರ್ಪಿನ ಬೆನ್ನಿಗೆ ಹೋಗಿ ನಿಯಮಗಳ ಮರೆಯಲ್ಲಿ ಅದನ್ನು ಮೊಟಕು ಮಾಡುವಂತಿಲ್ಲ ಎಂದಿತು. ರಾಜ್ಯದ ಹಿರಿಯ ಐಎಎಸ್ ಅಧಿಕಾರಿ ಜೆ. ವಾಸುದೇವನ್ ಅವರಿಗೆ ಒಂದು ತಿಂಗಳ ಸಾದಾ ಸಜೆ ವಿಧಿಸಿತು. ಶಿಕ್ಷೆಯನ್ನು ಮರುಪರಿಶೀಲಿಸಬೇಕೆಂಬ ಮನವಿಗೂ ಕೋರ್ಟು ಜಗ್ಗಲಿಲ್ಲ. ಸೇವಾ ಪ್ರಕರಣಗಳನ್ನು ನಡೆಸುವ ಹಳೆಯ ವಕೀಲರು ಇವತ್ತಿಗೂ ಈ ಹೆಸರನ್ನು ಮಕ್ಕಳಿಗೆ ಗುಮ್ಮ ತೋರಿಸಿದ ಹಾಗೆ ತೋರಿಸುತ್ತಾರೆ.

ಆ ಗುಮ್ಮ ಬಂದು ಮೂವತ್ತು ವರ್ಷ ಕಳೆಯಿತು. ಈ ನಡುವೆ ಕಚೇರಿಗಳು ಬೇರೊಂದು ವಿದ್ಯೆ ಕಲಿತವು. ಅದರ ಬೀಜ ಕೋರ್ಟಿನ ಆದೇಶದಲ್ಲೇ ಇರುತ್ತದೆ, 'ಪರಿಗಣಿಸಿ' ಎಂಬ ಒಂದು ಪದದಲ್ಲಿ.

ನೌಕರ ಗೆದ್ದಾಗ ಕೋರ್ಟು ಸಾಮಾನ್ಯವಾಗಿ 'ಬಡ್ತಿ ಕೊಡಿ' ಎನ್ನುವುದಿಲ್ಲ. 'ಅರ್ಜಿದಾರರ ಕೋರಿಕೆಯನ್ನು ಕಾನೂನಿನ ಪ್ರಕಾರ ಇಷ್ಟು ದಿನದೊಳಗೆ ಪರಿಗಣಿಸಿ' ಎನ್ನುತ್ತದೆ. ಇದು ಅಧಿಕಾರಿಯ ವಿವೇಚನೆಗೆ ತೋರಿಸುವ ಮರ್ಯಾದೆ. ಆದರೆ ಕಚೇರಿಯ ಕನ್ನಡದಲ್ಲಿ ಪರಿಗಣಿಸುವುದು ಎಂದರೆ ಒಂದು ಹಿಂಬರಹ ಕೊಡುವುದು. 'ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದ್ದು, ಚಾಲ್ತಿಯಲ್ಲಿರುವ ನಿಯಮಗಳನ್ವಯ ಅವಕಾಶವಿರುವುದಿಲ್ಲವೆಂದು ತಿಳಿಸಲು ನಿರ್ದೇಶಿತನಾಗಿದ್ದೇನೆ.' ಪರಿಗಣಿಸಿದ್ದೂ ಆಯಿತು, ತಿರಸ್ಕರಿಸಿದ್ದೂ ಆಯಿತು, ಕೋರ್ಟಿನ ಆದೇಶ ಪಾಲನೆಯಾದದ್ದೂ ಆಯಿತು.

ಕಾನೂನೂ ಇಲ್ಲಿ ಅಧಿಕಾರಿಯ ಕೈ ಹಿಡಿಯುತ್ತದೆ. ರಾಜಸ್ಥಾನದ ಒಂದು ಜ್ಯೇಷ್ಠತಾ ಪಟ್ಟಿಯ ಜಗಳದಲ್ಲಿ, ಜೆ.ಎಸ್. ಪರಿಹಾರ್ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ, 1996ರಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಕೋರ್ಟಿನ ನಿರ್ದೇಶನದಂತೆ ಸರ್ಕಾರ ಒಂದು ಆದೇಶ ಹೊರಡಿಸಿದರೆ, ಅದು ತಪ್ಪೇ ಇರಲಿ ಸರಿಯೇ ಇರಲಿ, ನಿಂದನೆಯ ಮಾತು ಅಲ್ಲಿಗೆ ಮುಗಿಯಿತು. ತಪ್ಪಿದ್ದರೆ ಅದು ಹೊಸ ವ್ಯಾಜ್ಯಕ್ಕೆ ಕಾರಣವಾದೀತೇ ಹೊರತು ನಿಂದನೆಯ ಪೀಠ ಅದರ ಗುಣಾವಗುಣ ನೋಡುವಂತಿಲ್ಲ. ತರ್ಕವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಸಜೆ ಕೊಡುವ ಅಧಿಕಾರವಿರುವ ಪೀಠವೇ ಮೂಲ ಆದೇಶವನ್ನು ಹಿಗ್ಗಿಸುತ್ತಾ ಹೋದರೆ ಅಧಿಕಾರಿಗೆ ಉಳಿಗಾಲವಿಲ್ಲ. ಆದರೆ ಐವತ್ತೇಳು ವರ್ಷ ವಯಸ್ಸಾದ ನೌಕರನಿಗೆ 'ಹೊಸ ವ್ಯಾಜ್ಯ ಹೂಡಲು ಸ್ವತಂತ್ರರು' ಎಂದರೆ ಅವನು ಆ ಸ್ವಾತಂತ್ರ್ಯವನ್ನು ಇಟ್ಟುಕೊಂಡು ಏನು ಮಾಡಬೇಕು?

ಈ 'ಪರಿಗಣಿಸಿ'ಯ ಬಗ್ಗೆ ಬಹಳ ತಲೆಕೆಡಿಸಿಕೊಂಡವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದವರು. 2006ರಲ್ಲಿ ಆಂಧ್ರದ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲಿ ಅವರು ಇದನ್ನು ಎಳೆಎಳೆಯಾಗಿ ಬಿಡಿಸಿದರು. ಹಕ್ಕು ಇದೆ ಎಂದು ತೀರ್ಮಾನಿಸಿ 'ಪರಿಗಣಿಸಿ' ಎನ್ನುವುದು ಬೇರೆ, ಕೇಸಿನ ಒಳಹೊಕ್ಕು ನೋಡದೆ ಮನವಿಯನ್ನು 'ಪರಿಗಣಿಸಿ' ಎಂದು ಸಾಗಹಾಕುವುದು ಬೇರೆ ಎಂದರು. 2008ರ ಇನ್ನೊಂದು ತೀರ್ಪಿನಲ್ಲಿ ಈ ಪದದ ದುರುಪಯೋಗ ನೌಕರರ ಕಡೆಯಿಂದಲೂ ಆಗುತ್ತದೆಂದು ತೋರಿಸಿದರು. ಎಷ್ಟೋ ವರ್ಷದ ಹಿಂದೆ ಸತ್ತ ಹಕ್ಕಿಗೆ ಒಂದು ಮನವಿ ಬರೆದುಕೊಡುವುದು, ಅದನ್ನು ಪರಿಗಣಿಸಿ ಎಂಬ ಆದೇಶ ತರುವುದು, ಅದು ತಿರಸ್ಕೃತವಾದಾಗ ಹೊಸ ತಾರೀಕಿನಿಂದ ಹೊಸ ಕೇಸು ಹೂಡುವುದು. ಸರ್ಕಾರಿ ವಕೀಲರು ಗೊಣಗುವುದೂ ಇದನ್ನೇ, ಅವರ ಗೊಣಗಿನಲ್ಲಿ ಹುರುಳಿದೆ.

ಸರ್ಕಾರದ ಕಡೆಯ ಇನ್ನೊಂದು ಕಷ್ಟವನ್ನೂ ಹೇಳಬೇಕು. ಖಾಸಗಿ ಕಂಪನಿಯಲ್ಲಿ ಒಬ್ಬನಿಗೆ ಬಡ್ತಿ ಕೊಟ್ಟರೆ ಒಬ್ಬನಿಗೆ ಕೊಟ್ಟಂತೆ. ಸರ್ಕಾರದಲ್ಲಿ ಜ್ಯೇಷ್ಠತಾ ಪಟ್ಟಿಯ ಒಂದು ಹೆಸರು ಮೇಲೆ ಹೋದರೆ ನೂರು ಹೆಸರು ಅಲುಗುತ್ತವೆ. ಬಿ.ಕೆ. ಪವಿತ್ರ ಪ್ರಕರಣವನ್ನೇ ನೋಡಿ. ಬಡ್ತಿ ಮೀಸಲಾತಿಯಿಂದ ಬಂದ ಜ್ಯೇಷ್ಠತೆಯನ್ನು ಕಾಯುವ ರಾಜ್ಯದ 2002ರ ಕಾಯ್ದೆಯ ಮುಖ್ಯ ಕಲಮುಗಳನ್ನು 2017ರ ಫೆಬ್ರುವರಿ 9ರಂದು ಸುಪ್ರೀಂ ಕೋರ್ಟು ರದ್ದು ಮಾಡಿ, ಮೂರು ತಿಂಗಳಲ್ಲಿ ಪಟ್ಟಿಗಳನ್ನು ಪರಿಷ್ಕರಿಸಲು ಹೇಳಿತು. ಇಡೀ ಸರ್ಕಾರಿ ಯಂತ್ರದ ಏಣಿಯನ್ನೇ ಬಿಚ್ಚಿ ಮತ್ತೆ ಜೋಡಿಸುವ ಕೆಲಸ ಅದು. ಗಡುವು ಮೀರಿತು, ನಿಂದನಾ ಅರ್ಜಿ ಬಂತು, ಕಾಲಾವಕಾಶ ಕೇಳಿದ್ದಾಯಿತು. ಒಂದು ಕಡೆ ಪಟ್ಟಿ ಪರಿಷ್ಕರಣೆ ನಡೆದಂತೆ ಇನ್ನೊಂದು ಕಡೆ ರತ್ನಪ್ರಭಾ ಸಮಿತಿಯ ವರದಿಯ ಆಧಾರದಲ್ಲಿ ಹೊಸ ಕಾಯ್ದೆಯೇ ಬಂತು. 2019ರ ಮೇ 10ರಂದು ಸುಪ್ರೀಂ ಕೋರ್ಟು ಆ ಹೊಸ ಕಾಯ್ದೆಯನ್ನು ಎತ್ತಿಹಿಡಿಯಿತು. ತೀರ್ಪಿನ ತಳಹದಿಯನ್ನೇ ಬದಲಿಸಿ ಕಾನೂನು ಮಾಡುವ ಅಧಿಕಾರ ಶಾಸನಸಭೆಗಿದೆ. ಈ ದಾರಿ ಬೇರೆ ಯಾವ ಮಾಲೀಕನಿಗೂ ಇಲ್ಲ.

ಏಣಿಯ ಮೇಲಿನವರ ಮಾತು ಹೀಗಾದರೆ ಏಣಿಗೇ ಹತ್ತದವರ ಕಥೆ ಇನ್ನೊಂದು. ದಿನಗೂಲಿ ನೌಕರರ ಬಗ್ಗೆ ದೇಶವಿಡೀ ಉದ್ಧರಿಸುವ ಸಂವಿಧಾನ ಪೀಠದ ತೀರ್ಪು ನಮ್ಮ ರಾಜ್ಯದಿಂದಲೇ ಹೋದದ್ದು. 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು ಹಿಂಬಾಗಿಲ ನೇಮಕಾತಿಗೆ ಬೀಗ ಹಾಕಿತು. ಜೊತೆಗೆ ಒಂದು ಕಿಂಡಿ ಬಿಟ್ಟಿತು: ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆಯ ಆಸರೆಯಿಲ್ಲದೆ, ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಖಾಯಂ ಮಾಡಿ. ಇಲಾಖೆಗಳು ಬೀಗವನ್ನು ಮಾತ್ರ ಓದಿಕೊಂಡವು. ನಾಲ್ಕು ವರ್ಷದ ಮೇಲೆ, 2010ರ ಎಂ.ಎಲ್. ಕೇಸರಿ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ, ರವೀಂದ್ರನ್ ಅವರೇ ಆ ಕಿಂಡಿಯನ್ನು ಮತ್ತೆ ತೋರಿಸಬೇಕಾಯಿತು. ಅರ್ಹರೆಲ್ಲರನ್ನೂ ಪರಿಗಣಿಸಿ ಮುಗಿಸುವವರೆಗೆ ಆ 'ಒಂದು ಬಾರಿ'ಯ ಕೆಲಸ ಮುಗಿದಂತಲ್ಲ ಎಂದರು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದ ತೀರ್ಪು, ಕೇಂದ್ರ ಜಲ ಆಯೋಗದಲ್ಲಿ ದಶಕಗಳ ಕಾಲ ಕಸ ಗುಡಿಸಿದ ಹೆಂಗಸರ ವಿಷಯದಲ್ಲಿ, ಉಮಾದೇವಿಯನ್ನು ಕೆಲಸಗಾರರ ವಿರುದ್ಧ ಕತ್ತಿಯ ಹಾಗೆ ಬೀಸುವುದನ್ನು ಕಟುವಾಗಿ ಟೀಕಿಸಿತು.

ಜಮ್ಮು ಮತ್ತು ಕಾಶ್ಮೀರದ ದಿನಗೂಲಿಗಳ ಕಥೆ ಓದಿದಾಗ ಮಾತ್ರ ನನಗೆ ನಿಜಕ್ಕೂ ಕೈ ಸೋತಿತು. ಅವರನ್ನು ಖಾಯಂ ಮಾಡುವ ವಿಷಯ ಪರಿಗಣಿಸಲು ಹೈಕೋರ್ಟು ಹೇಳಿದ್ದು 2007ರಲ್ಲಿ. ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು 2025ರ ಮಾರ್ಚಿನಲ್ಲಿ. ಸುಮಾರು ಹದಿನಾರು ವರ್ಷ ಆದೇಶದ ಮೇಲೆ ಕೂತಿದ್ದ ಅಧಿಕಾರಿಗಳ ಮೊಂಡುತನವನ್ನು ಪೀಠ ಖಂಡಿಸಿ, 25,000 ರೂಪಾಯಿ ಹೊರೆ ಹಾಕಿತು, ನಿಂದನೆಯ ವಿಚಾರಣೆಯನ್ನು ವಾರವಾರ ನಡೆಸಲು ಹೇಳಿತು. ಹದಿನಾರು ವರ್ಷ ಎಂದರೆ ನಲವತ್ತನಾಲ್ಕರ ಕೂಲಿಯವನು ಅರವತ್ತಾದ. ಕೆಲವರು ಸತ್ತೂ ಇರಬೇಕು. ಬಡ್ತಿಯಾದರೆ ನಿವೃತ್ತಿಯ ನಂತರವೂ ಕಾಗದದ ಮೇಲೆ ಕೊಡಬಹುದು, ಕಾಲ್ಪನಿಕ ವೇತನ ನಿಗದಿ ಮಾಡಿ ಪಿಂಚಣಿ ನಾಲ್ಕು ಕಾಸು ಏರಿಸಬಹುದು. ಹೋದ ದಿನಗೂಲಿಯ ದಿನವನ್ನು ಏನು ಮಾಡುತ್ತೀರಿ?

ಹಣದ ತೀರ್ಪಾಗಿದ್ದರೆ ಬೇರೆ ಉಪಾಯಗಳಿವೆ. ಅಪಘಾತದ ಪರಿಹಾರ ಕೊಡದ ಸಾರಿಗೆ ಸಂಸ್ಥೆಯ ಬಸ್ಸನ್ನು ಕೋರ್ಟಿನ ಅಮೀನರು ನಿಲ್ದಾಣದಲ್ಲೇ ಜಪ್ತಿ ಮಾಡಿದ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ, ಬಸ್ಸಿನ ಗಾಜಿಗೆ ಅಂಟಿಸಿದ ನೋಟಿಸಿನ ಫೋಟೋ ಸಮೇತ. ಆದರೆ ಬಡ್ತಿಯನ್ನು ಜಪ್ತಿ ಮಾಡಿಕೊಂಡು ಬರಲು ಯಾವ ಅಮೀನನಿಗೂ ಸಾಧ್ಯವಿಲ್ಲ. ಅದಕ್ಕೆ ಒಬ್ಬ ಅಧಿಕಾರಿ ಪೆನ್ನು ತೆಗೆದು ಸಹಿ ಹಾಕಲೇಬೇಕು. ಸಹಿ ಹಾಕಿಸುವ ಬಲ ಇರುವುದು ನಿಂದನೆಯ ನೋಟಿಸಿಗೆ ಒಂದಕ್ಕೇ. ಈ ಮಾತು ಕಚೇರಿಗಳಿಗೂ ಚೆನ್ನಾಗಿ ಗೊತ್ತು. ಹಾಗಾಗಿ ಈಗೀಗ ಅವುಗಳ ಪಾಲಿಗೆ ಆದೇಶ ಎಂದರೆ ತೀರ್ಪಲ್ಲ, ಸಿಸಿಸಿ ನೋಟಿಸು. ಮೂವತ್ತು ದಿನದೊಳಗೆ ಹಾಕಬೇಕಿದ್ದ ರಿಟ್ ಮೇಲ್ಮನವಿಗೂ ನೆನಪು ಬರುವುದು ಆ ನೋಟಿಸು ಬಂದ ಮೇಲೆಯೇ, ವಿಳಂಬ ಮನ್ನಿಸಿ ಎಂಬ ಅರ್ಜಿಯ ಜೊತೆಗೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ತಡೆ ಸಿಕ್ಕಂತಲ್ಲ ಎನ್ನುವುದು ಕಾನೂನು. 'ಮೇಲ್ಮನವಿ ಹಾಕಿದೆ, ನಾಲ್ಕು ವಾರ ಕಾಲ ಕೊಡಿ' ಎಂದರೆ ಸಾಮಾನ್ಯವಾಗಿ ಕಾಲ ಸಿಗುತ್ತದೆ ಎನ್ನುವುದು ರೂಢಿ. ಸರ್ಕಾರಿ ವ್ಯಾಜ್ಯಗಳ ನಿರ್ವಹಣೆಗೆಂದೇ ನಮ್ಮ ರಾಜ್ಯ 2023ರಲ್ಲಿ ಒಂದು ಕಾಯ್ದೆ ಮಾಡಿಕೊಂಡಿದೆ. ಭಾವನ ಮಂಡಳಿಯ ಮೇಜುಗಳವರೆಗೆ ಅದರ ಗಾಳಿ ಬೀಸಿದ್ದನ್ನು ನಾನು ಕಾಣೆ.

ಅಧಿಕಾರಿಗಳನ್ನು ಮಾತೆತ್ತಿದರೆ ಕೋರ್ಟಿಗೆ ಕರೆಸುವುದೂ ಒಂದು ಅತಿ. 2023ರ ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶದ ಆರ್ಥಿಕ ಇಲಾಖೆಯ ಹಿರಿಯ ಅಧಿಕಾರಿಗಳನ್ನು ಕೋರ್ಟಿನಲ್ಲೇ ವಶಕ್ಕೆ ತೆಗೆದುಕೊಂಡಿತು. 2024ರ ಜನವರಿ 3ರಂದು ಸುಪ್ರೀಂ ಕೋರ್ಟು ಅದನ್ನು ತಪ್ಪೆಂದು ಹೇಳಿ ಒಂದು ಕ್ರಮಸೂತ್ರವನ್ನೇ ಬರೆದುಕೊಟ್ಟಿತು. ಕರೆಸುವುದಾದರೆ ಮೊದಲು ವಿಡಿಯೊ ಮೂಲಕ ಕರೆಸಿ, ಅವರ ಉಡುಪಿನ ಬಗ್ಗೆ ಟೀಕೆ ಮಾಡಬೇಡಿ, ಕಾಲಾವಕಾಶ ಕೇಳಿದರೆ ಆಲಿಸಿ ಎಂದು. ಇದೆಲ್ಲ ನ್ಯಾಯವೇ. ಆದರೆ ಆ ಕೇಸು ಯಾವುದರ ಬಗ್ಗೆ ಎಂದು ತಿಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅದು ನಿವೃತ್ತ ನ್ಯಾಯಮೂರ್ತಿಗಳಿಗೆ ಸಿಗಬೇಕಾದ ಸವಲತ್ತುಗಳ ಬಗ್ಗೆ. ತೀರ್ಪು ಬರೆದು ಬರೆದು ನಿವೃತ್ತರಾದವರಿಗೇ ಈ ಪಾಡಾದರೆ ಬೆರಳಚ್ಚುಗಾರನದು ಯಾವ ಲೆಕ್ಕ.

ಭಾವನ ಸಿಸಿಸಿ ಪಟ್ಟಿಗೆ ಬಂದದ್ದು ಒಂದು ಬುಧವಾರ. ಹಿಂದಿನ ದಿನ ಸಂಜೆ ಐದೂವರೆಗೆ ಮಂಡಳಿಯ ಜವಾನ ಬೈಕಿನಲ್ಲಿ ಮನೆಗೇ ಬಂದು ಹಿಂಬರಹ ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ಹದಿನಾಲ್ಕು ತಿಂಗಳು ಕದಲದ ಕಡತ ಒಂದೇ ವಾರದಲ್ಲಿ ಅಷ್ಟೂ ಮೇಜು ಸುತ್ತಿ ಬಂದಿತ್ತು. ನಿಯಮದಲ್ಲಿ ಅವಕಾಶವಿಲ್ಲ ಎಂದಿತ್ತು. ಮರುದಿನ ಕೋರ್ಟಿನಲ್ಲಿ ನಾನೂ ಜೊತೆಗಿದ್ದೆ. ನಮ್ಮ ಸರದಿ ಬಂದಾಗ ಮಂಡಳಿಯ ವಕೀಲರು ಎದ್ದು ಹಿಂಬರಹದ ಪ್ರತಿ ಕೊಟ್ಟರು, ನಮ್ಮ ವಕೀಲರು ಎರಡು ಮಾತು ಆಡಿದರು, ಆದೇಶ ಪಾಲನೆಯಾಗಿದೆ ಎಂದು ದಾಖಲಾಯಿತು, ಹಿಂಬರಹವನ್ನು ಪ್ರಶ್ನಿಸಲು ದೂರುದಾರರು ಸ್ವತಂತ್ರರು ಎಂದೂ ದಾಖಲಾಯಿತು. ನಾಲ್ಕು ನಿಮಿಷವೂ ಆಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಧಿಕಾರಿ ನಿಟ್ಟುಸಿರು ಬಿಟ್ಟು ಮೊಬೈಲು ತೆಗೆದರು. ಪಾಪ, ಅವರು ಆ ಕುರ್ಚಿಗೆ ಬಂದು ಎರಡು ತಿಂಗಳಾಗಿತ್ತಷ್ಟೇ. ಭಾವನ ಕಡತ ಕೊಳೆತದ್ದು ಅವರ ಹಿಂದಿನ ಇಬ್ಬರ ಕಾಲದಲ್ಲಿ.

ಭಾವ ಈಗ ನಿವೃತ್ತರು. ಹಿಂಬರಹದ ವಿರುದ್ಧ ಹಾಕಿದ ಹೊಸ ರಿಟ್ ಅರ್ಜಿ ಇನ್ನೂ ಪಟ್ಟಿಯಲ್ಲಿ ಮೇಲೆ ಬಂದಿಲ್ಲ. ಮೊನ್ನೆ ಹೋಗಿದ್ದಾಗ ಊಟದ ಮೇಲೆ ಕಡತ ತೆಗೆದರು. ಹಿಂಬರಹದ ತುಂಬ ಕೆಂಪು ಪೆನ್ನಿನ ಸುತ್ತುಗಳು. ಮೂವತ್ತು ವರ್ಷದ ಅಭ್ಯಾಸ, ಟೈಪಾದ ಹಾಳೆ ಕಂಡರೆ ತಪ್ಪು ಹುಡುಕದೆ ಅವರ ಕೈ ನಿಲ್ಲುವುದಿಲ್ಲ. 'ಕೂಲಂಕಷ'ಕ್ಕೆ ಒತ್ತಕ್ಷರ ಕೊಟ್ಟದ್ದಕ್ಕೊಂದು ಸುತ್ತು, ತಾರೀಕಿನಲ್ಲಿ ತಿಂಗಳು ಅದಲುಬದಲಾದದ್ದಕ್ಕೊಂದು. ಕೊನೆಯ ಸುತ್ತು ವಿಳಾಸದ ಸಾಲಿನ ಮೇಲಿತ್ತು. ಅಲ್ಲಿ ಅವರ ಹೆಸರಿನ ಮುಂದೆ 'ಹಿರಿಯ ಬೆರಳಚ್ಚುಗಾರರು' ಎಂದಿತ್ತು. ಅವರು ಕೇಳಿದ್ದ ಹುದ್ದೆಯೇ ಅದು.

"ನೋಡಿದ್ಯಾ, ಸಾಹೇಬರು ಕೊಡದೇ ಇದ್ದರೂ ಟೈಪ್ ಮಾಡಿದ ಹುಡುಗ ಕೊಟ್ಟುಬಿಟ್ಟಿದ್ದಾನೆ" ಎಂದರು ಭಾವ. ಅಕ್ಕ ಒಳಗಿನಿಂದಲೇ, "ಅದನ್ನೂ ವಕೀಲರಿಗೆ ತೋರಿಸಿ ಅಂದ್ರೆ ಕೇಳಲ್ಲ" ಎಂದಳು.